ಬೆಳ್ಯಪ್ಪ ಗೌಡರು ಮಗಳ ತೂಕ ಇಳಿಸಿದ್ದು

ಬೆಳ್ಯಪ್ಪ ಗೌಡರ ಅಕ್ಕ ಪೂವಮ್ಮ ಬಾಯಿ ತೆರೆದಾಗಲೆಲ್ಲ ಗೌಡರಿಗೆ ಏನಾದರೊಂದು ಹೊಸ ಕೆಲಸ ಗಂಟುಬೀಳುತ್ತಿತ್ತು. ಎಂಬತ್ತಮೂರನೆಯ ಇಸವಿಯಲ್ಲಿ, ಸುಳ್ಯದ ನೆಂಟರ ಮದುವೆಯ ಊಟದಲ್ಲಿ ಗಂಟುಬಿದ್ದದ್ದು ಮಾತ್ರ ಅವರ ಜನ್ಮಕ್ಕೇ ಸಾಕಾಗುವಷ್ಟಿತ್ತು. ಅಂದು ಪಂಕ್ತಿಯಲ್ಲಿ ಪೂವಮ್ಮನ ಎದುರಿಗೆ ಕುಳಿತವಳು ಗೌಡರ ಮಗಳು ಕುಮುದಿನಿ, ವರ್ಷ ಹದಿನೈದು. ಅವಳು ಮೂರನೆಯ ಸಲ ಅನ್ನ ಹಾಕಿಸಿಕೊಂಡದ್ದನ್ನು ಎಣಿಸಿದ ಪೂವಮ್ಮ, ಕೈತೊಳೆಯುವಲ್ಲಿ ತಮ್ಮನನ್ನು ಅಡ್ಡಹಾಕಿದರು.

"ಬೆಳ್ಯಪ್ಪ, ಹುಡುಗಿಯ ಭುಜ ನೋಡಿದ್ದೀಯಾ? ಹಿಂದಿನಿಂದ ನೋಡಿದ್ರೆ ಯಾರೋ ಗಂಡು ಲಂಗ ಹಾಕಿ ಬಂದ ಹಾಗೆ ಉಂಟು."

"ಅವಳು ಗುಂಡು ಎಸೀತಾಳಲ್ಲ ಅಕ್ಕ. ತಾಲೂಕಿಗೇ ಫಸ್ಟು," ಎಂದರು ಗೌಡರು, ಅಲ್ಲಿಯವರೆಗೂ ಇದ್ದ ಹೆಮ್ಮೆಯಿಂದ.

"ಎಸೀಲಿ, ಬೇಡ ಹೇಳುದಿಲ್ಲ. ಆದ್ರೆ ಎರಡು ತಿಂಗಳಿಗೆ ತುಲಾಭಾರ ಉಂಟಲ್ಲ, ಕುಟುಂಬದವರೆಲ್ಲ ಬರ್ತಾರೆ. ಅವಳನ್ನು ತಕ್ಕಡಿಯಲ್ಲಿ ಕೂರಿಸಿ ಎಲ್ಲರೆದುರು ಅಕ್ಕಿ ಸುರೀಲಿಕ್ಕೆ ಹೊರಟ್ರೆ, ಸುರಿದು ಮುಗೀಲಿಕ್ಕುಂಟಾ? ನೋಡಿದವರು ನಾಳೆ ಸಂಬಂಧಕ್ಕೆ ಬರ್ತಾರಾ?"

ಈ ತುಲಾಭಾರದ ಸಂಗತಿಯನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಕುಮುದಿನಿಗೆ ಆರು ವರ್ಷವಾಗಿದ್ದಾಗ ಟೈಫಾಯಿಡ್ ಬಂದು, ಎಲುಬು ಎಣಿಸುವ ಹಾಗಾಗಿದ್ದಳು. ಡಾಕ್ಟರು ಕೈಚೆಲ್ಲಿದ ದಿನ ತಾಯಿ ಸೇವಂತಿ ಊರ ದೇವಸ್ಥಾನದ ನಡೆಯಲ್ಲಿ ಸೆರಗೊಡ್ಡಿ, "ಈ ಮಗು ಬದುಕಿ ಮೈ ತುಂಬಿಕೊಂಡರೆ ಅದರ ತೂಕದ ಅಕ್ಕಿ ಒಪ್ಪಿಸುತ್ತೇನೆ" ಎಂದು ಹರಕೆ ಹೇಳಿಕೊಂಡಿದ್ದಳು. ದೇವರು ಕೇಳಿಸಿಕೊಂಡ. (ಸ್ವಲ್ಪ ಜಾಸ್ತಿಯೇ ಕೇಳಿಸಿಕೊಂಡ ಎಂದು ಪೂವಮ್ಮನ ಅಭಿಪ್ರಾಯ.) ಹರಕೆ ಮಾತ್ರ ಒಂದು ವರ್ಷ ಸೂತಕಕ್ಕೆ, ಇನ್ನೊಂದು ವರ್ಷ ಮಳೆಗೆ, ಮತ್ತೊಂದು ವರ್ಷ ಸೇವಂತಿಯ ಅಣ್ಣ ಅಚ್ಚುತನಿಗೆ ಪುರುಸೊತ್ತಿಲ್ಲದ್ದಕ್ಕೆ ಮುಂದಕ್ಕೆ ಹೋಗುತ್ತಾ ಒಂಬತ್ತು ವರ್ಷ ಬಾಕಿಯಾಗಿತ್ತು.

ಗೌಡರು ಐವರ್ನಾಡಿನ ಕಡೆಯ ಒಂದು ಸೊಸೈಟಿಯಲ್ಲಿ ತೂಕದ ಗುಮಾಸ್ತರು. ಇಪ್ಪತ್ತು ವರ್ಷದಿಂದ ಊರವರ ಅಡಿಕೆ, ಕರಿಮೆಣಸು, ಹಸಿ ಕೊಕ್ಕೊ ತೂಗಿ ತೂಗಿ, ಮೂಟೆಯನ್ನು ದೂರದಿಂದ ನೋಡಿಯೇ ತೂಕ ಹೇಳುವ ಸಿದ್ಧಿ ಅವರಿಗೆ ಬಂದಿತ್ತು. ಗೋಣಿಯ ತೂಕ, ತೇವದ ತೂಕ ಕಳೆಯದೆ ಯಾವ ವಸ್ತುವನ್ನೂ ಅವರು ನಂಬುತ್ತಿರಲಿಲ್ಲ. ಭೂಮಿಯ ಭಾರ ಇಷ್ಟು ಎಂದು ಪಾಠದ ಪುಸ್ತಕದಲ್ಲಿ ಓದಿದಾಗಲೂ, "ಸಮುದ್ರದ ತೇವ ಕಳೆದಿದ್ದಾರಾ?" ಎಂದು ಕೇಳಿದ ಮಹಾನುಭಾವರು. ಅಂಥವರಿಗೆ ಮಗಳ ತೂಕ ಜಾಸ್ತಿ ಎಂದು ಬೇರೆಯವರು ಹೇಳಬೇಕಾಗಿ ಬಂದದ್ದೇ ವೃತ್ತಿಗೆ ಬಂದ ಅವಮಾನವಾಗಿ ಕಂಡಿತು.

ಶನಿವಾರ ಶಾಲೆ ಬಿಟ್ಟ ಮೇಲೆ ಕುಮುದಿನಿಯನ್ನು ಸೊಸೈಟಿಗೆ ಕರೆಸಿ, ದೊಡ್ಡ ತಕ್ಕಡಿಯ ಹಲಗೆಯ ಮೇಲೆ ನಿಲ್ಲಿಸಿದರು. ಐವತ್ತಾರೂವರೆ. ಲಂಗ ರವಿಕೆಗೆ ಅರ್ಧ ಕಿಲೋ ಕಳೆದು ಐವತ್ತಾರು ಎಂದು ಗಟ್ಟಿಯಾಗಿ ಕೂಗಿಯೂಬಿಟ್ಟರು, ಅಭ್ಯಾಸಬಲದಿಂದ. ಕೊಕ್ಕೊ ತಂದು ಸಾಲಿನಲ್ಲಿ ನಿಂತಿದ್ದವರೆಲ್ಲ ತಿರುಗಿ ನೋಡಿದರು.

"ಬೆಳೆಯುವ ಮಕ್ಕಳನ್ನು ತೂಗ್ಬಾರ್ದು ಗೌಡ್ರೆ, ಕಣ್ಣು ತಾಗ್ತದೆ," ಎಂದ ಸಾಲಿನಲ್ಲಿದ್ದ ಯೂಸುಫ್.

"ನೀನು ನಿನ್ನ ಕೊಕ್ಕೊದ ನೀರು ಬಸಿ, ಆಮೇಲೆ ನನಗೆ ಬುದ್ಧಿ ಹೇಳು," ಎಂದರು ಗೌಡರು.

ಅಂದೇ ಜೀರಿಗೆ ಕಟ್ಟಿಕೊಂಡು ಬಂದ ಹಳೆಯ ವಾರಪತ್ರಿಕೆಯ ಹಾಳೆಯಲ್ಲಿ ಅವರಿಗೆ ದಾರಿಯೂ ಕಂಡಿತು. "ಹದಿಹರೆಯದ ಕ್ರೀಡಾಪಟುಗಳಿಗೆ ಗೃಹವ್ಯಾಯಾಮ ಮತ್ತು ಅಂಗಸೌಷ್ಠವ" ಎಂದು ತಲೆಬರಹ. ಹಗ್ಗದಾಟ ನೂರು, ಬಸ್ಕಿ ಐವತ್ತು, ಸೊಂಟ ಬಳುಕಿಸುವುದು ಎರಡೂ ಬದಿಗೆ ಮೂವತ್ತು, ಬೆಳಿಗ್ಗೆ ಬರಿಹೊಟ್ಟೆಗೆ ಲಿಂಬೆನೀರು. "ಆದರೆ ಆಹಾರದ ವಿಷಯದಲ್ಲಿ" ಎನ್ನುವಲ್ಲಿಗೆ ಹಾಳೆ ಹರಿದಿತ್ತು. ಉಳಿದರ್ಧದಲ್ಲಿ ಅಂಗಡಿಯವನು ಇನ್ಯಾರಿಗೋ ಕೊತ್ತಂಬರಿ ಕಟ್ಟಿಕೊಟ್ಟಿರಬೇಕು. ಗೌಡರೇನೂ ಕಂಗೆಡಲಿಲ್ಲ. ಆಹಾರದ ವಿಷಯವನ್ನು ಸ್ವಂತ ಬುದ್ಧಿಯಿಂದ ಭರ್ತಿ ಮಾಡಿದರು: ರಾತ್ರಿ ಅನ್ನ ಬಂದ್, ಮಜ್ಜಿಗೆ ಒಂದು ಲೋಟ.

ಹೀಗೆ ಶರೀರ ಸುಧಾರಣಾ ಯೋಜನೆಯು ಸೋಮವಾರ ಬೆಳಿಗ್ಗೆ ಅಂಗಳದಲ್ಲಿ ಉದ್ಘಾಟನೆಯಾಯಿತು. ಬಾವಿಯ ಹಗ್ಗವೇ ಹಗ್ಗದಾಟದ ಹಗ್ಗ. ಸೊಂಟ ಬಳುಕಿಸುವುದು ಹೇಗೆಂದು ಗೌಡರು ಸ್ವತಃ ತೋರಿಸಲು ಹೋಗಿ, ಎಡಕ್ಕೆ ಬಳುಕಿದವರು ಮಧ್ಯಕ್ಕೆ ವಾಪಸು ಬರಲಾರದೆ, ಸೇವಂತಿ ಬಂದು ನೆಟ್ಟಗೆ ಮಾಡಬೇಕಾಯಿತು. ಕುಮುದಿನಿ ಬಿದ್ದು ಬಿದ್ದು ನಕ್ಕಳು. ಅವಳು ಹಾಗೆ ನಕ್ಕದ್ದು ಅದೇ ಕೊನೆ ಎಂದು ಆಮೇಲೆ ಲೆಕ್ಕ ಹಾಕಿದಾಗ ತಿಳಿಯಿತು.

"ಮೈ ತುಂಬ್ಲಿ ಅಂತ ಹರಕೆ ಹೇಳಿದವಳು ನಾನು," ಎಂದಳು ಸೇವಂತಿ, ಗಂಡನ ಸೊಂಟಕ್ಕೆ ಎಣ್ಣೆ ತಿಕ್ಕುತ್ತಾ. "ದೇವರಿಗೆ ತೋರಿಸುವ ಮೊದಲು ಅದನ್ನು ಒಣಗಿಸ್ಲಿಕ್ಕೆ ಹೊರಟವರು ನೀವು. ಇದೆಂತ ಸಾವು ಮಾರಾಯ್ರೆ."

"ಒಣಗಿಸುದಲ್ಲ, ಹದಕ್ಕೆ ತರುದು. ಹದಕ್ಕೆ ಬಂದ ಮಾಲಿಗೇ ಮರ್ಯಾದೆ."

"ಅವಳು ಮಾಲಾ?"

"ಮಾತಿಗೆ ಹೇಳಿದ್ದು ಮಾರಾಯ್ತಿ. ಮೆಲ್ಲ ತಿಕ್ಕು."

ಮಾತಿಗೆ ಹೇಳಿದ್ದನ್ನು ಬಾಗಿಲ ಹಿಂದೆ ಜಡೆ ಹಾಕಿಕೊಳ್ಳುತ್ತಿದ್ದ ಕುಮುದಿನಿಯೂ ಕೇಳಿಸಿಕೊಂಡಿದ್ದಳು. ಅತ್ತೆ ಮದುವೆಮನೆಯಲ್ಲಿ ಹೇಳಿದ್ದನ್ನು ಗೌಡರು "ನಿನ್ನ ಒಳ್ಳೇದಕ್ಕೇ" ಎಂದು ಸೇರಿಸಿ ಮೊದಲೇ ಅವಳಿಗೆ ಒಪ್ಪಿಸಿದ್ದರು. ಅಂದಿನಿಂದ ಅವಳು ಸೆಕೆಯಲ್ಲೂ ಶಾಲು ಹೊದೆಯತೊಡಗಿದಳು. ಹಗ್ಗದಾಟ ನೂರು ಎಂದರೆ ಮುನ್ನೂರು ಮಾಡಿದಳು. ಮೊದಲ ವಾರಕ್ಕೇ ಎರಡು ಕಿಲೋ ಇಳಿದಾಗ ಗೌಡರು ಸೊಸೈಟಿಯಲ್ಲಿ ಎಲ್ಲರಿಗೂ ಚಹಾ ಕುಡಿಸಿದರು.

ಮೂರನೆಯ ವಾರ ಶಾಲೆಯ ವ್ಯಾಯಾಮ ಶಿಕ್ಷಕ ಕೃಷ್ಣಮೋಹನ ಮಾಸ್ತರರು ಸೈಕಲ್ ತುಳಿದುಕೊಂಡು ಮನೆಗೇ ಬಂದರು.

"ಬೆಳ್ಯಪ್ಪಣ್ಣ, ಪುತ್ತೂರಿನಲ್ಲಿ ಜಿಲ್ಲಾ ಕ್ರೀಡಾಕೂಟ ಉಂಟು. ಒಂಬತ್ತು ಮೀಟರು ದಾಟಿಸುವ ಹುಡುಗಿ ಈಗ ಏಳಕ್ಕೆ ಬೀಳಿಸ್ತಾಳೆ. ಮೊನ್ನೆ ಗುಂಡು ಹಿಡಿದವಳು ಹಾಗೇ ಕೂತ್ಕೊಂಡ್ಳು. ಮನೆಯಲ್ಲಿ ಎಂತ ಕೊಡ್ತೀರಿ ಅವಳಿಗೆ?"

"ಕೊಡುದಕ್ಕಿಂತ ಕೊಡದ್ದು ಮುಖ್ಯ ಮಾಸ್ಟ್ರೆ," ಎಂದು ಗೌಡರು ಯೋಜನೆಯನ್ನು ವಿವರಿಸಿದರು.

ಮಾಸ್ತರರು ಕುಡಿಯುತ್ತಿದ್ದ ಕಾಫಿಯನ್ನು ಕೆಳಗಿಟ್ಟರು. "ಅದು ಬೊಜ್ಜಲ್ಲ, ಬಲ. ಆಡುವ ಮಕ್ಕಳು ಎರಡರಷ್ಟು ತಿನ್ಬೇಕು. ಮೈಗೆ ವ್ಯಾಯಾಮ ಮಾಡುದು ಮೈಯನ್ನು ದ್ವೇಷಿಸ್ಲಿಕ್ಕಲ್ಲ. ಇದೊಂದು ನಿಲ್ಲಿಸಿ."

"ನಿಮಗೆ ಗುಂಡು ಮುಖ್ಯ, ನನಗೆ ಹುಡುಗಿ ಮುಖ್ಯ," ಎಂದರು ಗೌಡರು. ಅಂಥ ಮಾತು ತಮ್ಮ ಬಾಯಿಂದ ಹೇಗೆ ಬಂತೆಂದು ಅವರಿಗೇ ಸಂತೋಷವಾಯಿತು. ಮಾಸ್ತರರು ಕಾಫಿಯನ್ನು ಅರ್ಧಕ್ಕೆ ಬಿಟ್ಟು ಎದ್ದುಹೋದರು. ಪುತ್ತೂರಿಗೆ ಬೇರೆ ಹುಡುಗಿಯನ್ನು ಕರೆದುಕೊಂಡು ಹೋದರು.

ಆದರೂ ಗೌಡರು ಕಟುಕರಲ್ಲ. ಮಾಸ್ತರರು ಎದ್ದುಹೋದ ಮೇಲೆ ಅವರ ಮಾತನ್ನು ಮನಸ್ಸಿನಲ್ಲೇ ತೂಗಿ ನೋಡಿದರು. ಅಂದು ರಾತ್ರಿಯೇ "ಸಾಕು ಮಗಾ, ಇನ್ನು ಊಟ ಮಾಡು" ಎಂದು ಯೋಜನೆಯನ್ನು ಹಿಂತೆಗೆದುಕೊಂಡರು. ಅವಳು ತಲೆಯಾಡಿಸಿ, ಬಟ್ಟಲನ್ನು ಕೊಟ್ಟಿಗೆಯ ಕಡೆಗಿನ ಜಗಲಿಗೆ ಒಯ್ದು ಕುಳಿತಳು. ಅಲ್ಲಿ ಗಾಳಿ ಬರುತ್ತದಂತೆ. ಗೌಡರು ಸಮಾಧಾನವಾಗಿ ಮಲಗಿದರು. ಸರಕಾರದ ಆದೇಶವನ್ನೇ ಹಿಂತೆಗೆದುಕೊಳ್ಳಬಹುದು, ಇದು ಯಾವ ಲೆಕ್ಕ ಎಂದು ಅವರ ಎಣಿಕೆ.

ಹದಿನೈದು ದಿನ ಕಳೆದ ಮೇಲೆ ಸೇವಂತಿ ಅವರ ಕೈಹಿಡಿದು ಕೊಟ್ಟಿಗೆಗೆ ಕರೆದೊಯ್ದಳು. ದನದ ಬಾನಿಯಲ್ಲಿ, ಅಕ್ಕಿ ತೊಳೆದ ಅಕ್ಕಚ್ಚಿನ ನೀರಿನಡಿಯಲ್ಲಿ, ಅನ್ನ, ಪಲ್ಯ, ಅರ್ಧ ಮುರಿದ ರೊಟ್ಟಿ.

"ದನಕ್ಕೆ ಮೈ ಬಂದದ್ದು ಹೇಗೆ ಅಂತ ನಾನು ಆಲೋಚನೆ ಮಾಡ್ತಾ ಇದ್ದೆ," ಎಂದಳು. "ಬಾಚಿದ್ರೆ ಹುಡುಗಿಯ ಕೂದಲು ಹಿಡಿಹಿಡಿ ಬರ್ತದೆ. ನಿಮ್ಮ ಯೋಜನೆಯನ್ನು ನೀವು ನಿಲ್ಲಿಸಿದ್ದೀರಿ. ಅವಳು ನಿಲ್ಲಿಸ್ಲಿಲ್ಲ."

ಗೌಡರು ಗದರಿದರು, ರಮಿಸಿದರು, ಸುಳ್ಯದಿಂದ ಅವಳಿಗೆ ಇಷ್ಟದ ಬನ್ನು ತಂದರು. ಕುಮುದಿನಿ ಯಾವುದಕ್ಕೂ ಎದುರಾಡಲಿಲ್ಲ. ಎಲ್ಲದಕ್ಕೂ "ಆಯ್ತಪ್ಪ" ಎಂದಳು. ಈಗ ಎಲ್ಲರ ನಡುವೆ ಕುಳಿತೇ ಅನ್ನವನ್ನು ಬಟ್ಟಲಿನ ಈ ಬದಿಯಿಂದ ಆ ಬದಿಗೆ ಸಾಗಿಸಿ, "ಹೊಟ್ಟೆ ತುಂಬಿತು" ಎಂದು ಏಳುತ್ತಿದ್ದಳು. ತಕ್ಕಡಿಗೆ ಹತ್ತು ಎಂದರೆ, "ನಾನು ಅಂಗಡಿಯಲ್ಲಿ ತೂಗಿಸಿಕೊಂಡೆ, ಐವತ್ತು ಉಂಟು" ಎಂದಳು. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಗೌಡರು ತೂಗದೆ ತೂಕ ಒಪ್ಪಿಕೊಂಡರು. ಹೆದರಿಕೆಯಾದವನಿಗೆ ಹಾಗೆ ಒಪ್ಪಿಕೊಳ್ಳುವುದೇ ಸುಲಭ.

ತುಲಾಭಾರದ ದಿನ ಗೌಡರು ಐವತ್ತು ಕಿಲೋ ಅಕ್ಕಿಯನ್ನು ತಾವೇ ತೂಗಿ, ಗೋಣಿಯ ತೂಕ ಬಿಟ್ಟು, ದೇವಸ್ಥಾನಕ್ಕೆ ತಂದರು. ಕುಟುಂಬದವರೆಲ್ಲ ನೆರೆದಿದ್ದರು. ಮುಂದಿನ ಸಾಲಿನಲ್ಲಿ ಪೂವಮ್ಮ. ಕುಮುದಿನಿ ಹೊಸ ಲಂಗ, ಸಡಿಲ ರವಿಕೆ, ಅದರ ಮೇಲೆ ಶಾಲು ಹೊದ್ದು ತಕ್ಕಡಿಯ ತಟ್ಟೆಯಲ್ಲಿ ಕಾಲು ಮಡಚಿ ಕುಳಿತಳು. ಆಚೆಯ ತಟ್ಟೆಗೆ ಅಕ್ಕಿ ಸುರಿದು ಭಟ್ಟರು ಕೈಬಿಟ್ಟದ್ದೇ ತಡ, ಹುಡುಗಿಯ ತಟ್ಟೆ ಸರ್ರನೆ ಮೇಲಕ್ಕೆ ಹೋಗಿ ಅಲ್ಲೇ ತೂಗಾಡತೊಡಗಿತು.

"ತೂಕದ ಗುಮಾಸ್ತರದ್ದೇ ಲೆಕ್ಕ ತಪ್ಪಿತಲ್ಲ," ಎಂದು ಯಾರೋ ನಗೆಯಾಡಿದರು. ನಾಲ್ಕು ಜನ ನಕ್ಕರು. ಗೌಡರೂ ನಕ್ಕರು.

ಸೇವಂತಿಯ ಅಣ್ಣ ಅಚ್ಚುತ, ಕಿಲೋ ಹಿಡಿಯುವ ಡಬ್ಬದಿಂದ ಅಕ್ಕಿ ತೆಗೆಯತೊಡಗಿದ. ಒಂದು ತೆಗೆದ, ತಟ್ಟೆ ಅಲ್ಲಾಡಲಿಲ್ಲ. ಎರಡು, ಮೂರು. ನಾಲ್ಕನೆಯದಕ್ಕೆ ನಗು ನಿಂತಿತು. ಐದು, ಆರು. ಹಗ್ಗ ಹಿಡಿಯಲು ಕೈ ಎತ್ತಿದಾಗ ಕುಮುದಿನಿಯ ಶಾಲು ಜಾರಿತು. ರವಿಕೆಯೊಳಗೆ ಭುಜವೆಂಬುದು ಇರಲಿಲ್ಲ, ಎಲುಬಿತ್ತು. ಏಳನೆಯ ಡಬ್ಬಕ್ಕೆ ತಟ್ಟೆಗಳು ಸಮವಾದವು. ಗೌಡರು ಕಂಬ ಹಿಡಿದು ನಿಂತಿದ್ದರು. ನಲವತ್ತಮೂರು ಎಂದು ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ.

"ಈಗ ನೋಡು, ಹುಡುಗಿಯ ಹಾಗೆ ಕಾಣ್ತಾಳೆ," ಎಂದರು ಪೂವಮ್ಮ.

ಭಟ್ಟರು ಹೂವು ಕೈಯಲ್ಲಿ ಹಿಡಿದು, ಪ್ರಾರ್ಥನೆಗೆಂದು ಸೇವಂತಿಯನ್ನು ಕೇಳಿದರು: "ಹರಕೆ ಎಂತ ಅಂತ ಹೇಳಿಕೊಂಡದ್ದು ಅಮ್ಮಾ?"

ಸೇವಂತಿ ಹೇಳಿದಳು. ಮೈ ತುಂಬಿಕೊಂಡರೆ ಎನ್ನುವಲ್ಲಿ ಮಗಳ ಜಾರಿದ ಶಾಲನ್ನು ಎಳೆದು ಹೊದಿಸಿದಳು. ಭಟ್ಟರು ತಟ್ಟೆಯಲ್ಲಿದ್ದ ಹುಡುಗಿಯನ್ನು ನೋಡಿದರು. ಹೂವನ್ನು ಹರಿವಾಣಕ್ಕೆ ಹಿಂದಕ್ಕೆ ಹಾಕಿದರು.

"ಇದು ಆಗುದಿಲ್ಲ ಗೌಡ್ರೆ. ಮೈ ತುಂಬಿದ್ರೆ ಅಂತ ಉಂಟು. ತುಂಬ್ಲಿಲ್ಲ. ದೇವರು ಕೊಡದ್ದನ್ನು ಕೊಟ್ಟ ಅಂತ ಹೇಳಿ ನಾನು ಹೇಗೆ ಅಕ್ಕಿ ತಗೊಳ್ಳುದು?"

"ದೇವರು ಕೊಟ್ಟಿದ್ದ ಭಟ್ರೆ," ಎಂದರು ಗೌಡರು.

"ಮತ್ತೆ?"

ಕುಟುಂಬವಿಡೀ ಕೇಳುತ್ತಿತ್ತು. ಇಪ್ಪತ್ತು ವರ್ಷ ಊರಿನ ತೂಕವನ್ನು ಗಟ್ಟಿಯಾಗಿ ಕೂಗಿದ ಗೌಡರು ಕಂಬ ಬಿಟ್ಟು ಮುಂದೆ ಬಂದರು. "ನಾನು ಇಳಿಸಿದೆ," ಎಂದರು.

ಭಟ್ಟರು ಬೈಯಲಿಲ್ಲ. ಬೈದಿದ್ದರೆ ಗೌಡರಿಗೆ ಹಗುರವಾಗುತ್ತಿತ್ತು. "ಹಾಗಾದ್ರೆ ಅಕ್ಕಿ ಮನೆಗೆ ಒಯ್ಯಿರಿ. ಬೇಯಿಸಿ ಬಡಿಸಿ. ಮೈ ತುಂಬಿದ ಮೇಲೆ ಬನ್ನಿ. ದೇವರು ಎಲ್ಲಿಗೂ ಹೋಗುದಿಲ್ಲ," ಎಂದು ಕುಮುದಿನಿಯನ್ನು ತಾವೇ ಕೈಹಿಡಿದು ಕೆಳಗಿಳಿಸಿದರು.

ಮೂಟೆಯನ್ನು ಗೌಡರು ತಾವೇ ಹೊತ್ತರು. ಅಚ್ಚುತ ಕೈಚಾಚಿದರೂ ಕೊಡಲಿಲ್ಲ. ಮನೆಗೆ ಬಂದವರೇ ಆ ಅಕ್ಕಿಯಿಂದಲೇ ಅಳೆದುಕೊಟ್ಟರು. ಸೇವಂತಿ ಅನ್ನ ಮಾಡಿ, ತುಪ್ಪ ಹಾಕಿ ಬಟ್ಟಲು ಇಟ್ಟಳು. ಕುಮುದಿನಿ ಗೋಡೆಗೆ ಒರಗಿ ಕುಳಿತಳು. ಎದುರಿಗೆ ಗೌಡರು ಚಕ್ಕಳಮಕ್ಕಳ ಹಾಕಿ ಕುಳಿತರು. ಅವಳು ಒಂದು ತುತ್ತು ಕಲಸಿ ಕೈಯಲ್ಲಿ ಹಿಡಿದಳು.

"ಅಪ್ಪ."

"ಎಂತ ಮಗಾ?"

"ಇಷ್ಟು ದಿನ ಇಳಿಸ್ಬೇಕು ಅಂತ ಇತ್ತು. ಇನ್ನು ಏರಿಸ್ಬೇಕಲ್ಲ. ಎಷ್ಟು ಕಿಲೋ ಆದ್ರೆ ನಾನು ಸರಿ ಅಂತ ಹೇಳಿ. ಅಷ್ಟಕ್ಕೆ ತಿಂತೇನೆ."

ಕುಹಕವಿರಲಿಲ್ಲ ಆ ಪ್ರಶ್ನೆಯಲ್ಲಿ. ಅಪ್ಪನಿಗೆ ಗೊತ್ತಿರುತ್ತದೆ ಎಂದು ನಂಬಿಯೇ ಕೇಳಿದ್ದಳು. ಮೂಟೆಯನ್ನು ದೂರದಿಂದ ನೋಡಿಯೇ ತೂಕ ಹೇಳುವ ಗೌಡರಿಗೆ, ಎದುರಿಗೇ ಕುಳಿತ ಮಗಳ ಸರಿಯಾದ ತೂಕ ಎಷ್ಟೆಂದು ತಿಳಿದಿರಲಿಲ್ಲ. ಅವಳು ತುತ್ತು ಹಿಡಿದುಕೊಂಡೇ ಅವರ ಮುಖ ನೋಡುತ್ತಾ ಕಾಯುತ್ತಿದ್ದಳು.