ಪ್ರಚಾರ ವಾಹನದ ಗುಂಯ್ ಸದ್ದು ಮತ್ತು ಉದ್ಘೋಷಕಿಯ ಗಂಟಲಿನ ಕುರಿತು

ಸಂಖ್ಯೆ: ಪ್ರವಾ/ಗುಂಯ್/14/2024-25
ಸ್ಥಳ: ಹಗರಿಬೊಮ್ಮನಹಳ್ಳಿ
ದಿನಾಂಕ: 25-11-2024

ಸುತ್ತೋಲೆ

ವಿಷಯ: ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಹಾಗೂ ಹರಪನಹಳ್ಳಿ ತಾಲ್ಲೂಕುಗಳಲ್ಲಿ ಸಂಚರಿಸುವ ಇಲಾಖಾ ಜೀಪಿಗೆ ಆಂಪ್ಲಿಫೈಯರ್ ಅಳವಡಿಸಿದ ನಂತರ ಸ್ಪೀಕರಿನಿಂದ ಹೊರಡುತ್ತಿರುವ ಅನಪೇಕ್ಷಿತ ಸದ್ದಿನ ನಿವಾರಣೆ ಬಗ್ಗೆ.

ಉಲ್ಲೇಖ:
1) ಈ ಕಚೇರಿಯ ಸುತ್ತೋಲೆ, ದಿನಾಂಕ 14-10-2024 (ಆಯುಧಪೂಜೆಯ ಕುಂಕುಮವನ್ನು ವಾಹನದಿಂದ ಕೆರೆಯಬಾರದೆಂಬ ಬಗ್ಗೆ).
2) ಹಲವಾಗಲು ಗ್ರಾಮಸ್ಥರ ದೂರು, ದಿನಾಂಕ 24-10-2024 (ಲಸಿಕೆಯ ದಿನಾಂಕದ ಬದಲು ಗುಂಯ್ ಕೇಳಿಸಿದ ಬಗ್ಗೆ).
3) ಉದ್ಘೋಷಕಿ ಶ್ರೀಮತಿ ಸುಕನ್ಯಾ ಅವರಿಗೆ ನೀಡಲಾದ ನೋಟಿಸು, ದಿನಾಂಕ 4-11-2024.
4) ಸದರಿಯವರ ಲಿಖಿತ ಉತ್ತರ, ದಿನಾಂಕ 6-11-2024 (ತೆರೆದು ಓದಿದ್ದು 20-11-2024).

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಜಾನುವಾರು ಲಸಿಕೆಯ ದಿನಾಂಕಗಳನ್ನು ಊರೂರಿಗೆ ಸಾರುವ ಸಲುವಾಗಿ ಇಲಾಖೆಯ ಜೀಪಿಗೆ ದಿನಾಂಕ 17-10-2024ರಂದು ಕೊಟ್ಟೂರಿನ ಮೆಕ್ಯಾನಿಕ್ ಮಾಬುಸಾಬ್ ಅವರಿಂದ ಹೊಸ ಆಂಪ್ಲಿಫೈಯರ್ ಹಾಕಿಸಲಾಗಿತ್ತು. ಅಂದಿನಿಂದ ಲಸಿಕೆಯ ದಿನಾಂಕ ಯಾರಿಗೂ ಕೇಳಿಸಿಲ್ಲ. ಗುಂಯ್ ಎಂಬುದು ಎಲ್ಲರಿಗೂ ಕೇಳಿಸಿದೆ. ಆದ್ದರಿಂದ ಸಂಬಂಧಪಟ್ಟ ಎಲ್ಲರಿಗೂ ಈ ಕೆಳಗಿನಂತೆ ತಿಳಿಯಪಡಿಸಲಾಗಿದೆ.

1. ಸದರಿ ಸದ್ದು ಎಂಜಿನ್ ಬಂದ್ ಇದ್ದಾಗ ಇರುವುದಿಲ್ಲ. ಎಂಜಿನ್ ಚಾಲೂ ಆದೊಡನೆ ಗುಂಯ್ ಎಂದೂ, ಆಕ್ಸಿಲರೇಟರ್ ತುಳಿದಂತೆ ಕುಂಯ್ ಎಂದೂ, ಚಿಗಟೇರಿ ರಸ್ತೆಯ ಏರಿನಲ್ಲಿ ಕೇವಲ ಯ್ ಎಂದೂ ಕೇಳಿಬರುತ್ತದೆ. ಇವು ಮೂರೂ ಒಂದೇ ಸದ್ದೆಂದು ಪರಿಗಣಿಸತಕ್ಕದ್ದು. ಮೂರು ಕಡತ ತೆರೆದಿರುವ ಗುಮಾಸ್ತರು ಎರಡನ್ನು ಮುಚ್ಚತಕ್ಕದ್ದು.

2. ಹೂವಿನಹಡಗಲಿಯ ಮಲ್ಲಿಗೆ ತೋಟಗಳ ಪಕ್ಕ ವಾಹನ ಹಾದಾಗ, ಜೇನು ಎದ್ದಿತೆಂದು ಭಾವಿಸಿ ಹೂ ಬಿಡಿಸುವ ಮಹಿಳೆಯರು ಬುಟ್ಟಿ ಬಿಟ್ಟು ಓಡಿದ್ದು ವರದಿಯಾಗಿದೆ. ಸದರಿಯವರು ಓಡಿಲ್ಲವೆಂದು ಈ ಮೂಲಕ ಪರಿಗಣಿಸಲಾಗಿದೆ. ಗಿಡ್ಡಮ್ಮ ಎಂಬುವರು ಕಾಲುವೆಗೆ ಹಾರಿರುವುದರಿಂದ ಅವರನ್ನು ಮಾತ್ರ ಓಡಿದವರೆಂದು ಪರಿಗಣಿಸಲಾಗಿದೆ.

3. ಪ್ರಾಥಮಿಕ ತನಿಖೆಯಲ್ಲಿ, ವಾಹನದೊಳಗೆ ಸದ್ದು ಮಾಡುವ ಅಧಿಕಾರವುಳ್ಳವರು ಉದ್ಘೋಷಕಿ ಒಬ್ಬರೇ ಆದ ಕಾರಣ, ಸದ್ದು ಅವರ ಗಂಟಲಿನದೇ ಎಂದು ತೀರ್ಮಾನಿಸಲಾಯಿತು. ಈ ತಿಂಗಳ 30ಕ್ಕೆ ಮುಗಿಯುವ ಅವರ ಗುತ್ತಿಗೆಯನ್ನು ಏಕೆ ಮುಂದುವರಿಸಬೇಕೆಂದು ಕಾರಣ ಕೇಳಲಾಯಿತು. ಜೊತೆಗೆ ಈ ಕ್ರಮಗಳನ್ನು ಕೈಗೊಳ್ಳಲಾಯಿತು:

(ಅ) ಜೀರಿಗೆ ಕಷಾಯ, ದಿನಕ್ಕೆ ಮೂರು ಬಾರಿ, ಚಾಲಕ ಗಂಗಪ್ಪನವರ ಸಮಕ್ಷಮ. ಇದರಿಂದ ಗಂಗಪ್ಪನವರ ಕೆಮ್ಮು ವಾಸಿಯಾಗಿದೆ. ಅವರು ಏಕೆ ಕುಡಿದರೆಂಬುದನ್ನು ಪ್ರತ್ಯೇಕವಾಗಿ ವಿಚಾರಿಸಲಾಗುವುದು.

(ಆ) ಹರಪನಹಳ್ಳಿಯ ವೈದ್ಯರಿಂದ ಗಂಟಲು ತಪಾಸಣೆ. ಗಂಟಲು ಚೊಕ್ಕಟವಾಗಿದೆ ಎಂಬ ಪ್ರಮಾಣಪತ್ರ ಬಂದಿತು. ವೈದ್ಯರು ಗಂಟಲನ್ನು ಜೀಪಿನ ಹೊರಗೆ ಪರೀಕ್ಷಿಸಿರುವುದರಿಂದ ಅದನ್ನು ಒಪ್ಪಲಾಗಲಿಲ್ಲ.

(ಇ) ಉದ್ಘೋಷಕಿಗೆ ಎರಡು ದಿನ ಕಡ್ಡಾಯ ರಜೆ. ರಜೆಯಲ್ಲೂ ಸದ್ದು ಬಂದಿತು. ಅದು ಅವರು ರಜೆಗೆ ಮುನ್ನ ಮಾಡಿಟ್ಟುಹೋದ ಸದ್ದಿರಬಹುದೆಂದು ಕಡತದಲ್ಲಿ ಷರಾ ಬರೆಯಲಾಯಿತು. ಷರಾ ಬರೆದ ಕೈಬರಹವನ್ನು ಈ ಕಚೇರಿಯಲ್ಲಿ ಎಲ್ಲರೂ ಗುರುತಿಸಿದ್ದಾರೆ.

4. ಹದಿನಾಲ್ಕು ದಿನ ಟಪಾಲಿನ ತಟ್ಟೆಯಲ್ಲಿದ್ದ ಶ್ರೀಮತಿ ಸುಕನ್ಯಾ ಅವರ ಉತ್ತರವನ್ನು ಇಲ್ಲಿ ಇದ್ದಂತೆಯೇ ಕೊಡಲಾಗಿದೆ:

"ಸಾಹೇಬ್ರಿಗೆ ನಮಸ್ಕಾರ. ನಾ ಬಾಯಿ ಮುಚ್ಚಿದ್ರೂ ಗುಂಯ್ ಅಂತೈತ್ರಿ. ಗಾಡಿ ಕೀಲಿ ತಿರುವಿ ಬಂದ್ ಮಾಡ್ರಿ, ನಿಲ್ತೈತಿ. ನನ್ನ ಗಂಟಲಾಗಿದ್ರ ಗಾಡಿ ಕೀಲಿಗೆ ಯಾಕ ನಿಲ್ಬೇಕ್ರಿ? ಒಂಬತ್ತು ವರ್ಷ ಇದ ದನಿಲೇ ಐದು ತಾಲೂಕು ಕರ್ದೀನಿ. ಈಗ ಸಂತ್ಯಾಗ ಹೋದ್ರ ಮಂದಿ ನನ್ನ ನೋಡಿ ಗುಂಯ್ ಅಂತಾರ. ಕೆಲಸ ತಗೀರಿ ಬೇಕಾದ್ರ, ಆದ್ರ ನನ್ನ ದನಿ ಕೆಟ್ಟೈತಿ ಅಂತ ಬರೀಬ್ಯಾಡ್ರಿ."

ಇದನ್ನು ಓದಿದ ನಂತರ ಕಚೇರಿಯಲ್ಲಿ ಅರ್ಧ ದಿನ ಯಾವುದೇ ಕಡತ ವಿಲೇವಾರಿಯಾಗಿಲ್ಲ.

5. ದಿನಾಂಕ 21-11-2024ರಂದು ಕೊಟ್ಟೂರಿನಲ್ಲಿ ಸ್ಥಳ ಪರಿಶೀಲನೆ ನಡೆಸಲಾಯಿತು. ಉದ್ಘೋಷಕಿಯನ್ನು ರಸ್ತೆಯ ಆಚೆ ಬದಿಯ ಚಹಾ ಅಂಗಡಿಯಲ್ಲಿ ಕೂರಿಸಿ, ಬಾಯಲ್ಲಿ ಮಂಡಕ್ಕಿ ಇರುವಂತೆ ನೋಡಿಕೊಂಡು, ಎಂಜಿನ್ ಚಾಲೂ ಮಾಡಲಾಯಿತು. ಗುಂಯ್ ಎಂದಿತು. ಮಂಡಕ್ಕಿ ಅಲುಗಲಿಲ್ಲ. ಆಗ ಮಾಬುಸಾಬ್ ಅವರು ಬಾನೆಟ್ ಎತ್ತಿ, ಬ್ಯಾಟರಿಯ ಪಕ್ಕದ ಬೋಲ್ಟು ತೋರಿಸಿ ನೀಡಿದ ಹೇಳಿಕೆ ಹೀಗಿದೆ:

"ಆಂಪ್ಲಿಫೈಯರ್ ಅರ್ಥ್ ತಂತಿಗೆ ಬರೀ ತಗಡು ಸಿಗಬೇಕ್ರಿ, ಇಲ್ಲಾಂದ್ರ ಎಂಜಿನ್ ಸದ್ದು ಸ್ಪೀಕರಿಗೆ ಬರ್ತೈತಿ. ಇಲ್ಲಿ ಹನ್ನೆರಡು ವರ್ಷದ ಪೂಜಿ ಅರಿಶಿಣ, ಕುಂಕುಮ, ಇಬತ್ತಿ ಕುಂತೈತಿ. ಕೆರೀತೀನಿ ಅಂದ್ರ ಗಂಗಪ್ಪ ನಿಮ್ಮ ಆರ್ಡರ್ ತೋರಿಸಿದ. ಅದಕ ಕುಂಕುಮದ ಮ್ಯಾಲ ತಂತಿ ಬಿಗದೀನ್ರಿ."

ಆರ್ಡರ್ ಎಂದರೆ ಉಲ್ಲೇಖ (1)ರ ಸುತ್ತೋಲೆ.

6. ತದನಂತರ ಗಂಗಪ್ಪನವರು ಕೈಮುಗಿದು, ಮಾಬುಸಾಬ್ ಅವರೂ ಕೈಮುಗಿದು, ಬೋಲ್ಟಿನ ಸುತ್ತ ಒಂದು ರೂಪಾಯಿ ನಾಣ್ಯದಷ್ಟು ಜಾಗವನ್ನು ಮರಳು ಕಾಗದದಿಂದ ಕೆರೆಯಲಾಯಿತು. ತಗಡು ಕಂಡಿತು. ತಂತಿ ಬಿಗಿಯಲಾಯಿತು. ಎಂಜಿನ್ ಚಾಲೂ ಮಾಡಿದಾಗ ಸ್ಪೀಕರಿನಿಂದ ಏನೂ ಬರಲಿಲ್ಲ. ಏನೂ ಬಾರದ್ದರಿಂದ ಸ್ಪೀಕರೇ ಕೆಟ್ಟಿತೆಂದು ಗಂಗಪ್ಪನವರು ಗಾಬರಿಯಾದದ್ದನ್ನು ಬಿಟ್ಟರೆ ಕಾರ್ಯ ಸುಸೂತ್ರವಾಗಿ ಮುಗಿಯಿತು. ಕೆರೆದ ಕುಂಕುಮವನ್ನು ಲಕೋಟೆಯಲ್ಲಿ ಹಾಕಿ, ಮೊಹರು ಮಾಡಿ, ಆವಕ ಸಂಖ್ಯೆ ನೀಡಿ, ಡ್ಯಾಶ್‌ಬೋರ್ಡಿನ ದೇವರ ಪಟದ ಮುಂದೆ ಇಡಲಾಗಿದೆ.

7. ಇನ್ನು ಮುಂದೆ:

(ಅ) ಯಾವುದೇ ಗಂಟಲಿಗೆ ನೋಟಿಸು ನೀಡುವ ಮುನ್ನ ತಂತಿಯನ್ನು ನೋಡತಕ್ಕದ್ದು.

(ಆ) ಬ್ಯಾಟರಿಯ ತಂತಿ ಜೀಪಿನ ಎಡಬದಿಗೂ, ಮೈಕಿನ ತಂತಿ ಬಲಬದಿಗೂ ಹೋಗತಕ್ಕದ್ದು. ಮಾತು ಬಿಟ್ಟ ಅಣ್ಣತಮ್ಮಂದಿರಂತೆ ಅವು ಒಂದನ್ನೊಂದು ಮುಟ್ಟಬಾರದು. ಅನಿವಾರ್ಯವಾಗಿ ದಾಟಬೇಕಾದಲ್ಲಿ ಅಡ್ಡಲಾಗಿ ದಾಟಿ, ತಿರುಗಿ ನೋಡದೆ ಹೋಗತಕ್ಕದ್ದು.

(ಇ) ಆಂಪ್ಲಿಫೈಯರಿನ ಗೇನ್ ತಿರುಪನ್ನು ಅರ್ಧಕ್ಕಿಂತ ಹೆಚ್ಚು ತಿರುಗಿಸುವಂತಿಲ್ಲ. ಪೂರ್ತಿ ತಿರುಗಿಸಿದರೆ ಕೂಡ್ಲಿಗಿಯಲ್ಲಿ ಕೂಗಿದ್ದು ಹರಪನಹಳ್ಳಿಗೆ ಕೇಳಿಸಿ ಡೀಸೆಲ್ ಉಳಿಯುತ್ತದೆಂಬ ಗಂಗಪ್ಪನವರ ಪ್ರಸ್ತಾವನೆಯನ್ನು ತಿರಸ್ಕರಿಸಲಾಗಿದೆ.

(ಈ) ಮುಂದಿನ ಆಯುಧಪೂಜೆಯಲ್ಲಿ ಸದರಿ ಬೋಲ್ಟಿಗೆ ಮೂರು ಅಡಿ ದೂರದಿಂದ ಆರತಿ ಬೆಳಗತಕ್ಕದ್ದು. ಬೋಲ್ಟಿನ ಪಾಲಿನ ಕುಂಕುಮವನ್ನು ಸ್ಟೆಪ್ನಿಗೆ ವರ್ಗಾಯಿಸಲಾಗಿದೆ. ಸ್ಟೆಪ್ನಿಯಿಂದ ಯಾವುದೇ ಆಕ್ಷೇಪಣೆ ಬಂದಿರುವುದಿಲ್ಲ.

8. ಕುಂಕುಮ ಕೆರೆಯಬಾರದೆಂಬ ಆದೇಶವನ್ನು ಯಾರು ಹೊರಡಿಸಿದರೆಂದು ವಿಚಾರಣೆ ನಡೆಸಲಾಗಿ, ಸಹಿ ನನ್ನದೆಂದು ಕಂಡುಬಂದಿದೆ. ಕಂಡಿಕೆ 3(ಇ)ರ ಕೈಬರಹವೂ ನನ್ನದೇ. ತಪ್ಪು ನಾನು ಮಾಡಿ, ನೋಟಿಸನ್ನು ಸುಕನ್ಯಾ ಅವರಿಗೆ ಕೊಟ್ಟೆ. ಇದಕ್ಕೆ ನನಗೆ ನಾಚಿಕೆಯಾಗಿದೆ. ನಾಚಿಕೆಗೆ ನಿಗದಿತ ನಮೂನೆ ಇಲ್ಲವಾದ್ದರಿಂದ ಇಲ್ಲಿಯೇ ಬರೆಯಲಾಗಿದೆ. ನೋಟಿಸನ್ನು ಹಿಂಪಡೆಯಲಾಗಿದೆ. ಗುತ್ತಿಗೆಯನ್ನು ಮುಂದುವರಿಸಲಾಗಿದೆ. ಅವರ ದನಿ ಕೆಟ್ಟಿಲ್ಲ, ಎಂದೂ ಕೆಟ್ಟಿರಲಿಲ್ಲ.

ಸಹಿ/-
(ಗುರುಬಸವರಾಜ)
ಸಹಾಯಕ ನಿರ್ದೇಶಕರು, ಪ್ರಚಾರ ವಾಹನ ಹಾಗೂ ತತ್ಸಂಬಂಧಿ ಸದ್ದುಗಳು

ಪ್ರತಿಗಳು:
1) ಮಾಬುಸಾಬ್, ಮೆಕ್ಯಾನಿಕ್, ಕೊಟ್ಟೂರು. ಉಳಿದ ಅರ್ಧ ಹಾಳೆ ಮರಳು ಕಾಗದದೊಂದಿಗೆ.
2) ಗಂಗಪ್ಪ, ಚಾಲಕರು. ಕಷಾಯದ ಲೋಟ ಹಿಂದಿರುಗಿಸುವ ಷರತ್ತಿಗೊಳಪಟ್ಟು.
3) ಹಲವಾಗಲು ಗ್ರಾಮಸ್ಥರು. ಲಸಿಕೆಯ ದಿನ ಮುಗಿದುಹೋಗಿದ್ದು, ಮತ್ತೊಂದು ದಿನ ಗೊತ್ತುಮಾಡಿ ಸಾರಲಾಗುವುದು.
4) ಗಿಡ್ಡಮ್ಮ, ಹೂವಿನಹಡಗಲಿ. ಬಟ್ಟೆ ಒಣಗಿದ ಬಗ್ಗೆ ಸ್ವೀಕೃತಿ ಕೋರಿ.
5) ಹರಪನಹಳ್ಳಿಯ ವೈದ್ಯರು. ಪ್ರಮಾಣಪತ್ರವನ್ನು ತಡವಾಗಿ ಒಪ್ಪಿದ ಮಾಹಿತಿಗಾಗಿ.
6) ಕಚೇರಿ ಪ್ರತಿ.
7) ಶ್ರೀಮತಿ ಸುಕನ್ಯಾ, ಉದ್ಘೋಷಕಿ. ಕಂಡಿಕೆ 8ನ್ನು ಐದೂ ತಾಲ್ಲೂಕುಗಳ ಸಂತೆಯ ದಿನ, ಎಂಜಿನ್ ಚಾಲೂ ಇಟ್ಟು, ಮೈಕಿನಲ್ಲಿ ಓದಲು. ಓದುವಾಗ ನಗಲು ಅನುಮತಿ ನೀಡಲಾಗಿದೆ.