ಬಾಯಿ ಮುಚ್ಚದ ಪ್ಲಗಿನ್

ಊಟದ ಬಿಡುವಿನಲ್ಲಿ ಒಂದು ಹಳೆಯ ಭಾವಗೀತೆ ಕೇಳುವ ಆಸೆಗೆ ಕಾಂತರಾಜ್ ತೆರೆಯ ಮೇಲೆ ಅನುಮತಿ ಕೇಳಿದ ‘ಅಲೌ’ ಎಂಬ ನೀಲಿ ಗುಂಡಿ ಒತ್ತಿದ್ದೇ ತಪ್ಪಾಯಿತು. ಭಾವಗೀತೆ ಬರಲಿಲ್ಲ, ಆಫೀಸಿನ ಕಂಪ್ಯೂಟರಿಗೆ ಯಾವುದೋ ವಿಡಿಯೋ ಪ್ಲಗಿನ್ ಬಂದು ವಕ್ಕರಿಸಿತು. ಬ್ರೌಸರ್ ತೆರೆದರೆ ಸಾಕು, ಕರೆಯದೇ ಬಂದ ನೆಂಟನಂತೆ ತಾನೇ ಮಾತು ಶುರು ಮಾಡುತ್ತಿತ್ತು.

“ಮೂಲವ್ಯಾಧಿಯೇ? ಚಿಂತೆ ಬಿಡಿ!”

ಸಹಕಾರ ಸಂಘದ ಆ ಪುಟ್ಟ ಭದ್ರಾವತಿ ಶಾಖೆಯಲ್ಲಿ ಪಾಸ್‌ಬುಕ್ ಹಿಡಿದು ನಿಂತಿದ್ದ ಮಾಸ್ತಮ್ಮ ಕೌಂಟರಿನೊಳಗೆ ಬಗ್ಗಿ ನೋಡಿದರು. “ಅಯ್ಯೋ ಪಾಪ, ಎಷ್ಟು ದಿನದಿಂದ ಸಾರ್?”

“ನಂಗಲ್ಲಮ್ಮ, ಕಂಪ್ಯೂಟರಿಗೆ!”

ಕಾಂತರಾಜನಿಗೆ ಅಳುವುದೊಂದು ಬಾಕಿ. ಶಿವಮೊಗ್ಗದ ಆಲ್ಕೊಳದಿಂದ ನಾಲ್ಕು ವರ್ಷ ದಿನಾ ಬಸ್ಸಿನಲ್ಲಿ ನಿಂತು ಬಂದು ಅವನ ಸೊಂಟ ಹಿಡಿದುಹೋಗಿತ್ತು. ಶಿವಮೊಗ್ಗ ಶಾಖೆಗೆ ವರ್ಗ ಕೇಳಿದ್ದ. ಅದರ ತೀರ್ಮಾನ ಅಂದೇ ಮೂರು ಗಂಟೆಗೆ, ಇದೇ ಕಂಪ್ಯೂಟರಿನಲ್ಲಿ, ಎಲ್ಲ ಶಾಖೆಯವರೂ ಸೇರುವ ಜನರಲ್ ಮ್ಯಾನೇಜರ್ ವೆಂಕಟಾಚಲ ಅವರ ವಿಡಿಯೋ ಮೀಟಿಂಗಿನಲ್ಲಿ. ಅವರೆದುರು ಇದು ಮೂಲವ್ಯಾಧಿ ಎಂದು ಕೂಗಿಕೊಂಡರೆ ಗತಿಯೇನು?

ಆಫೀಸಿನಲ್ಲಿ ಒಬ್ಬನಿಗೆ ಕಷ್ಟ ಬಂದರೆ ಉಳಿದವರಿಗೆ ಎಲ್ಲಿಲ್ಲದ ಉತ್ಸಾಹ. ಕ್ಯಾಷಿಯರ್ ಧರ್ಮಪ್ಪ ಕುರ್ಚಿ ಎಳೆದುಕೊಂಡು ಬಂದ. “ಮೌಸ್ ಇಲ್ಲಿ ಕೊಡು ಮಾರಾಯ. ಎಕ್ಸ್‌ಟೆನ್ಷನ್ ಅಂತ ಇದೆಯಲ್ಲ, ಅದರೊಳಗೆ ಇರೋದೆಲ್ಲಾ ಆಫ್ ಮಾಡ್ತೀನಿ.”

ವಿಡಿಯೋ ಪ್ಲೇಯರ್ ಹೋಯಿತು. ಡೌನ್‌ಲೋಡರ್ ಹೋಯಿತು. ಮದುವೆ ಮನೆಯಲ್ಲಿ ಎಲೆ ಎತ್ತುವವನ ಹುರುಪು ಧರ್ಮಪ್ಪನಿಗೆ.

ಪಕ್ಕದ ಮೇಜಿನ ಪದ್ಮಮ್ಮ ಎದ್ದು ಬಂದರು. “ಮೈಕ್ ಬಿಟ್ರೆ ಹೆಂಗೆ? ನಾವು ಮಾತಾಡೋದನ್ನ ಕದ್ದು ಕೇಳಿಸ್ಕೊಂಡೇ ಜಾಹೀರಾತು ಹಾಕೋದು. ಮೊನ್ನೆ ಕುಕ್ಕರ್ ಅಂದೆ, ಸಂಜೆಗೆ ಕುಕ್ಕರ್ ಬಂತು!”

“ಹಂಗಾದ್ರೆ ನಾನು ಮೂಲವ್ಯಾಧಿ ಅಂತ ಯಾವಾಗ ಅಂದೆ?” ಎಂದ ಕಾಂತರಾಜನ ಪ್ರಶ್ನೆ ಯಾರ ಕಿವಿಗೂ ಬೀಳಲಿಲ್ಲ. ಧರ್ಮಪ್ಪ ಮೈಕನ್ನೂ ಬ್ಲಾಕ್ ಮಾಡಿದ. ಕಂಪ್ಯೂಟರ್ ತೆಪ್ಪಗಾಯಿತು. ಖುಷಿಗೆ ಕಾಂತರಾಜ್ ಎಲ್ಲರಿಗೂ ಬೋಂಡ ತರಿಸಿದ.

ಮೂರಕ್ಕೆ ಸರಿಯಾಗಿ ವೆಂಕಟಾಚಲ ತೆರೆಯ ಮೇಲೆ ಬಂದರು. “ಕಾಂತರಾಜ್, ಭದ್ರಾವತಿಯಲ್ಲಿ ನಿಮ್ಮಷ್ಟು ಅನುಭವ ಇನ್ಯಾರಿಗೂ ಇಲ್ಲ. ಇನ್ನೂ ಮೂರು ವರ್ಷ ಅಲ್ಲೇ ಇರ್ಬೇಕು. ಏನಂತೀರಿ?”

“ಆಗಲ್ಲ ಸಾರ್! ಸೊಂಟ ಹೋಗಿದೆ ಸಾರ್!”

ಎಷ್ಟು ಕಿರುಚಿದರೂ ಅತ್ತ ಕೇಳಿಸಿದ ಸೂಚನೆಯೇ ಇಲ್ಲ. ಆಗ ಬ್ಲಾಕ್ ಮಾಡಿದ ಮೈಕಿನ ನೆನಪಾಯಿತು; ಅದನ್ನು ತೆರೆಯುವುದು ಹೇಗೆಂದು ಅವನಿಗೆ ಗೊತ್ತಿರಲಿಲ್ಲ. ತಿರುಗಿ ನೋಡಿದರೆ ಧರ್ಮಪ್ಪ ಬೋಂಡ ತಿಂದ ಕೈ ತೊಳೆಯಲು ಹೋಗಿದ್ದ. ಬೇರೆ ದಾರಿ ಕಾಣದೆ ಕಾಂತರಾಜ್ ಎದ್ದು ನಿಂತು, ಎರಡೂ ಕೈ ಜೋಡಿಸಿ, ನೋವಿನ ಸೊಂಟ ಬಗ್ಗಿಸಿ ಬೇಡಿಕೊಂಡ. ಕಣ್ಣಲ್ಲಿ ನೀರು ಬಂದೇ ಬಿಟ್ಟಿತು.

ವೆಂಕಟಾಚಲ ಕನ್ನಡಕ ತೆಗೆದು ತಾವೂ ಕಣ್ಣೊರೆಸಿಕೊಂಡರು.

“ನೋಡಿ ಎಲ್ರೂ! ಬೇರೆಯವರು ಗಂಟೆಗಟ್ಟಲೆ ನೆಪ ಹೇಳ್ತಾರೆ. ಈ ಮನುಷ್ಯ ಎದ್ದು ನಿಂತು, ಒಂದು ಮಾತೂ ಆಡದೆ ಕೈ ಮುಗಿದು ಒಪ್ಕೊಂಡ್ರು. ಮೂರಲ್ಲ, ಐದು ವರ್ಷ ಅಲ್ಲೇ ಇರ್ಲಿ, ಬರ್ಕೊಳ್ಳಿ!”