ನೆಟ್ಟಗಾದ ಗರಗಸ

ಗಾಳಿ ಬೀಸಿದಾಗಲೆಲ್ಲ ಶೆಡ್ಡಿನ ಪಕ್ಕದ ಒಣಮರ ಮುನಿದ ರಾಕ್ಷಸಿಯಂತೆ ಹಲ್ಲು ಕಡಿಯುತ್ತಿತ್ತು. ಒಳಗೆ ಮೆಕ್ಯಾನಿಕ್ ತಲೆಯೆತ್ತಿ ಸೂರು ನೋಡುತ್ತಿದ್ದ. ಆ ಶೆಡ್ಡೇ ಅವನ ಅಂಗಡಿ, ಅದೇ ಮನೆ. ಮರವನ್ನು ಆಚೆಯ ಖಾಲಿ ಜಾಗಕ್ಕೆ ಕೆಡವಲು ಹೆಂಡತಿಯ ತಮ್ಮ ಮೆಷಿನ್ ಗರಗಸ ಹೊತ್ತು ಬಂದ. ಮರ ಕಡಿಯುವುದೇ ಅವನ ಕಸುಬು.

"ಭಾವ, ಇದು ಬಲಕ್ಕೆ ಎಳೆದು ಓರೆ ಕೊಯ್ಯುತ್ತೆ. ವರ್ಷಗಳಿಂದ ಹೀಗೇ. ಆದ್ರೂ ಒಂದು ಮರಾನೂ ತಪ್ಪು ಕಡೆ ಬಿದ್ದಿಲ್ಲ."

"ನನ್ನ ಮನೆ ಪಕ್ಕ ಓರೆ ಗೀರೆ ಬೇಡಪ್ಪಾ. ಕೊಡಿಲ್ಲಿ."

ಅಷ್ಟರಲ್ಲಿ ಬೀದಿಯೇ ವೈದ್ಯನಾಯಿತು. "ಚೈನ್ ಸಡಿಲ, ಬಿಗಿ ಮಾಡು" ಎಂದು ದರ್ಜಿ ತಾನೇ ತಿರುಪು ತಿರುಗಿಸಿದ. ಮೆಷಿನ್ ಕೆಮ್ಮಿ ಹೊಗೆ ಕಾರಿತು. "ಹಲ್ಲು ಮೊಂಡು" ಎಂದು ಕ್ಷೌರಿಕ ಮಸೆಯಲು ಹೋಗಿ ಹೆಬ್ಬೆರಳು ಕೊಯ್ದುಕೊಂಡ.

"ಇವರ ಚಿಕಿತ್ಸೆ ಮುಗಿಯೋದ್ರೊಳಗೆ ಮರವೇ ಬಿದ್ದಿರುತ್ತೆ, ನೀವು ನೋಡ್ರೀ" ಎಂದಳು ಹೆಂಡತಿ.

ಮೆಕ್ಯಾನಿಕ್ ಎಲ್ಲರನ್ನೂ ಸರಿಸಿ, ಚೈನ್ ಓಡುವ ಉಕ್ಕಿನ ಪಟ್ಟಿಯನ್ನು ಬಿಚ್ಚಿದ. ಅದನ್ನು ಬಾರ್ ಎನ್ನುತ್ತಾರೆ. ಗಾಜಿನ ಹಲಗೆಯ ಮೇಲೆ ಅಂಚು ಊರಿ ನಿಲ್ಲಿಸಿದರೆ ಅದು ಕುಡುಕನಂತೆ ವಾಲಿತು. ಚೈನ್ ಕೂರುವ ಸೀಳಿನ ಒಂದು ದಂಡೆ ಸವೆದು ತಗ್ಗಾಗಿತ್ತು. ಎಣ್ಣೆ ಕಾಣದೆ ಕಾದು ಅಲ್ಲಲ್ಲಿ ನೀಲಿಗಟ್ಟಿತ್ತು. ರಾಕ್ಷಸನ ಜೀವ ಏಳು ಸಮುದ್ರದಾಚೆಯ ಗಿಳಿಯೊಳಗೆ ಅಡಗಿರುವಂತೆ, ಮೆಷಿನ್ನಿನ ರೋಗವೆಲ್ಲ ಆ ಕೂದಲೆಳೆಯಷ್ಟು ತಗ್ಗಿನಲ್ಲಿತ್ತು.

ಮಧ್ಯಾಹ್ನದವರೆಗೂ ಶೆಡ್ಡಿನೊಳಗೆ ಕೂತು, ಅರದಿಂದ ಉಜ್ಜಿ ಉಜ್ಜಿ ಎರಡೂ ದಂಡೆಗಳನ್ನು ಸಮ ಮಾಡಿದ. ಕಟ್ಟಿಕೊಂಡಿದ್ದ ಎಣ್ಣೆಯ ತೂತು ಬಿಡಿಸಿದ. ಒಂದು ದಿಮ್ಮಿ ಕೊಯ್ದು ನೋಡಿದರೆ ನೂಲು ಹಿಡಿದ ಹಾಗೆ ನೆಟ್ಟಗೆ! ದರ್ಜಿ, ಕ್ಷೌರಿಕ ಇಬ್ಬರೂ ತಾವೇ ದುರಸ್ತಿ ಮಾಡಿದವರಂತೆ ಬೀಗಿದರು.

ಭಾವಮೈದುನ ಮರಕ್ಕೆ ಗರಗಸ ಇಟ್ಟ. ಮರ ನಿಟ್ಟುಸಿರಿಟ್ಟಿತು. ಒಂದು ಕ್ಷಣ ಯೋಚಿಸಿ, ಎಡಕ್ಕೆ ತಿರುಗಿ, ಶೆಡ್ಡಿನ ಮೇಲೆ ನಿಧಾನವಾಗಿ ಮಲಗಿತು.

ತಗಡಿನ ಸದ್ದು ನಿಂತಿತು. ಅಂಗಳದಲ್ಲಿದ್ದ ಹೆಂಡತಿ, ಉಳಿದ ಏಕೈಕ ಪಾತ್ರೆಯನ್ನು ಅವುಚಿಕೊಂಡು ನಿಂತಿದ್ದಳು.

"ಅಭ್ಯಾಸ, ಭಾವ" ಎಂದು ಭಾವಮೈದುನ ತಲೆ ಕೆರೆದುಕೊಂಡ. "ಅದು ಬಲಕ್ಕೆ ಎಳೆಯುತ್ತೆ ಅಂತ ನಾನು ಯಾವಾಗ್ಲೂ ಎಡಕ್ಕೆ ಒತ್ತಿಕೊಂಡೇ ಕೊಯ್ಯೋದು. ಇವತ್ತು ಅದು ಎಳೀಲೇ ಇಲ್ಲ."

ಅವನು ಗರಗಸವನ್ನು ಮೆಕ್ಯಾನಿಕ್‌ನ ಮುಂದೆ ಹಿಡಿದ.

"ಈಗ ಶೆಡ್ ಮೇಲಿಂದ ಇದನ್ನ ಕೊಯ್ದು ತೆಗೀಬೇಕಲ್ಲ. ಮೊದಲಿನ ಹಾಗೇ ಓರೆ ಮಾಡಿಕೊಡ್ತೀರಾ?"

ಮೆಕ್ಯಾನಿಕ್ ಚಪ್ಪಟೆಯಾದ ತಗಡಿನ ಕಡೆ ಕೈ ತೋರಿಸಿದ.

"ಅರ ಒಳಗಿದೆ."